ಅಳಿವೆ ಬಾಗಿಲಿನಲ್ಲಿ ಎರಡು ವರ್ಷ: ಪ್ಲಾಂಕ್ಟನ್ ಎಣಿಸಿದ ನನ್ನ ಅನುಭವ

ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲಿಗೆ ಇಳಿಯುವ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ನಾನು ಪಿಎಚ್.ಡಿ. ಕೆಲಸಕ್ಕಾಗಿ ಎರಡು ವರ್ಷ, ತಿಂಗಳಿಗೆ ಎರಡು ಸಲದಂತೆ, ಪ್ಲಾಂಕ್ಟನ್ ಮಾದರಿಗಳನ್ನು ಸಂಗ್ರಹಿಸಿದೆ. ಹೊಳೆಯ ನೀರು ಮತ್ತು ಊರಿನ ಕೊಳೆ ಕಡಲಂಚಿನ ಸೂಕ್ಷ್ಮಜೀವಿಗಳನ್ನು ಹೇಗೆ ಬದಲಿಸುತ್ತವೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಕೆಲಸ ಶುರುಮಾಡುವಾಗ ನನ್ನ ಮನಸ್ಸಿನಲ್ಲಿದ್ದ ಚಿತ್ರ ಬಹಳ ಸರಳ: ಮಳೆಗಾಲದಲ್ಲಿ ಹೊಳೆಯು ಊರಿನ ಕೊಳೆಯನ್ನೆಲ್ಲ ಬಳಿದುಕೊಂಡು ಬರುತ್ತದೆ, ಆಗ ಪ್ಲಾಂಕ್ಟನ್ ಕೆಡುತ್ತದೆ, ಮಳೆ ನಿಂತ ಮೇಲೆ ಚೇತರಿಸಿಕೊಳ್ಳುತ್ತದೆ. ಈ ಚಿತ್ರದಲ್ಲಿ ಅರ್ಧದಷ್ಟು ತಪ್ಪಿತ್ತು ಎಂಬುದು ನನಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ತಪ್ಪು ತಿಳಿದದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬೇರೆ ಅಳಿವೆಗಳಲ್ಲಿ ಇದೇ ಕೆಲಸಕ್ಕೆ ಇಳಿಯುವವರಿಗೆ ನನ್ನ ಫಲಿತಾಂಶಗಳಿಗಿಂತ ನಾನು ಎಡವಿದ ಜಾಗಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.

ಪ್ಲಾಂಕ್ಟನ್ ಎಂಬ ಹೆಸರನ್ನು 1887ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸನ್ ಬಳಕೆಗೆ ತಂದರು. ನೀರು ಕೊಂಡೊಯ್ದತ್ತ ಹೋಗುವ, ಸೆಳೆತಕ್ಕೆ ಎದುರಾಗಿ ಈಜಲಾರದ ಜೀವಿಗಳೆಲ್ಲ ಇದರಲ್ಲಿ ಸೇರುತ್ತವೆ. ಬಿಸಿಲನ್ನು ಬಳಸಿ ಆಹಾರ ತಯಾರಿಸುವವು ಸಸ್ಯಪ್ಲವಕಗಳು. ಅವುಗಳನ್ನು ತಿಂದು ಬದುಕುವ ಕೋಪಿಪಾಡ್‌ಗಳು ಎಂಬ, ಸಿಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು ಮತ್ತು ಅವುಗಳ ಜೊತೆಗೆ ತೇಲುವ ಏಡಿ, ಸಿಗಡಿ, ಚಿಪ್ಪುಗಳ ಮರಿಗಳು ಪ್ರಾಣಿಪ್ಲವಕಗಳು. ನಮ್ಮ ಕರಾವಳಿಯ ಊಟದ ತಟ್ಟೆಗೂ ಇವುಗಳಿಗೂ ಇರುವ ನಂಟು ಬಹಳ ಹತ್ತಿರದ್ದು. ಬೂತಾಯಿ ಮೀನಿನ ಹೊಟ್ಟೆಯನ್ನು ಸೀಳಿ ಒಳಗಿನ ಹಸಿರು ಕಂದು ಮುದ್ದೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಗಾಜಿನಂಥ ಚಿಪ್ಪಿನ ಡಯಾಟಮ್‌ಗಳೆಂಬ ಸಸ್ಯಪ್ಲವಕಗಳು ಸಾಲುಸಾಲಾಗಿ ಕಾಣುತ್ತವೆ. ಮಲಬಾರಿನ ಕಡಲಿನಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ಅವರ ಜೊತೆಗಾರರು 1920ರ ದಶಕದಲ್ಲೇ ಬೂತಾಯಿಗೂ ಡಯಾಟಮ್‌ಗಳಿಗೂ ಇರುವ ಈ ಸಂಬಂಧವನ್ನು ಬರೆದಿಟ್ಟಿದ್ದಾರೆ. ಹಾಗಾಗಿ ನೀರಿನಲ್ಲಿ ಡಯಾಟಮ್ ಇದೆಯೇ ಅಥವಾ ಅದರ ಜಾಗಕ್ಕೆ ಬೇರೆ ಯಾವುದೋ ಬಂದಿದೆಯೇ ಎಂಬುದು ಪ್ರಯೋಗಾಲಯದೊಳಗೆ ಮುಗಿಯುವ ಪ್ರಶ್ನೆಯಲ್ಲ.

ಸ್ಥಳದ ಪರಿಚಯವನ್ನು ಸ್ವಲ್ಪ ಕೊಡಬೇಕು. ಕುದುರೆಮುಖದ ಕಡೆಯ ಕಾಡಿನಲ್ಲಿ ಹುಟ್ಟುವ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಸೇರುತ್ತದೆ. ಬಂಟ್ವಾಳ ದಾಟಿ ತುಂಬೆಯಲ್ಲಿ ಕಿಂಡಿ ಅಣೆಕಟ್ಟಿಗೆ ಬಂದು, ಅಲ್ಲಿಂದ ಮಂಗಳೂರಿಗೆ ಕುಡಿಯುವ ನೀರಾಗಿ ಒಂದಿಷ್ಟು ಹೋಗಿ, ಉಳಿದದ್ದು ಉಳ್ಳಾಲದ ಸೇತುವೆಗಳಡಿ ಹಾದು ಕಡಲಿನ ಕಡೆಗೆ ಬರುತ್ತದೆ. ಫಲ್ಗುಣಿ ಎಂದೂ ಕರೆಯುವ ಗುರುಪುರ ಹೊಳೆ ಕೂಳೂರಿನ ಬಳಿಕ ದಕ್ಷಿಣಕ್ಕೆ ತಿರುಗಿ, ಬೆಂಗ್ರೆಯ ಮರಳಿನ ನಾಲಿಗೆಯ ಒಳಮಗ್ಗುಲಲ್ಲಿ ಕಡಲಿಗೆ ಸಮಾನಾಂತರವಾಗಿ ಹರಿದು, ಮೀನುದೋಣಿಗಳ ದಕ್ಕೆಯನ್ನು ದಾಟಿ ಅಳಿವೆ ಬಾಗಿಲಿನಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ನೇರವಾಗಿ ಬಂದು ಕಡಲಿಗೆ ಬೀಳುತ್ತದೆ. ಗುರುಪುರದ ಕೊನೆಯ ಭಾಗ ಉದ್ದನೆಯ, ನಿಧಾನದ ಓಣಿಯಂತಿದೆ. ಒಂದೇ ಬಾಗಿಲಿಗೆ ಬರುವ ಈ ಎರಡು ಹೊಳೆಗಳ ಸ್ವಭಾವ ಬೇರೆ ಬೇರೆ ಎಂಬುದು ಮುಂದೆ ನನಗೆ ದೊಡ್ಡ ಅನುಕೂಲವಾಯಿತು.

ನಾನು ಐದು ನೆಲೆಗಳನ್ನು ಗುರುತಿಸಿಕೊಂಡೆ. ಉಳ್ಳಾಲ ಸೇತುವೆಯ ಬಳಿ ಒಂದು, ಬೋಳಾರದ ಎದುರಿಗೆ ಒಂದು, ಗುರುಪುರದ ಮಗ್ಗುಲಲ್ಲಿ ಊರಿನ ಕೊಳೆನೀರಿನ ತೋಡೊಂದು ಹೊಳೆಗೆ ಬೀಳುವ ಜಾಗಕ್ಕೆ ಹತ್ತಿರ ಒಂದು, ಅಳಿವೆ ಬಾಗಿಲಿನಲ್ಲಿ ಒಂದು, ಮತ್ತು ಹೊರಗೆ ಕಡಲಿನಲ್ಲಿ ಹತ್ತು ಮೀಟರ್ ಆಳವಿರುವಲ್ಲಿ ಒಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದಲೂ, ಕಡಲು ಆಗ ಯಾರನ್ನೂ ಹೊರಗೆ ಬಿಡದ ಕಾರಣದಿಂದಲೂ ಐದನೆಯ ನೆಲೆಯಲ್ಲಿ ಆ ಎರಡು ತಿಂಗಳ ಮಾದರಿ ಹೆಚ್ಚಾಗಿ ಸಿಗಲಿಲ್ಲ. ಒಳಗಿನ ನಾಲ್ಕು ನೆಲೆಗಳಿಗೆ ಬೆಂಗ್ರೆಯ ಹಿರಿಯ ಮೀನುಗಾರರೊಬ್ಬರ ನಾಡದೋಣಿಯಲ್ಲಿ ಹೋಗುತ್ತಿದ್ದೆ. ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರು ಕೊನೆಯವರೆಗೂ ನನ್ನನ್ನು ಮೇಡಂ ಎನ್ನುವುದನ್ನು ಬಿಡಲಿಲ್ಲ.

ಮೊದಲ ವರ್ಷದ ಕೆಲಸದಲ್ಲಿ ಮೂರು ದೊಡ್ಡ ದೋಷಗಳಿದ್ದವು, ಮೂರೂ ನನ್ನವೇ.

ಮೊದಲನೆಯದು ಹೊತ್ತಿನದು. ಬಸ್ಸು, ದೋಣಿ, ಪ್ರಯೋಗಾಲಯದ ಬಾಗಿಲು ತೆರೆಯುವ ವೇಳೆ ಇವುಗಳನ್ನು ಹೊಂದಿಸಿಕೊಂಡು ಬೆಳಿಗ್ಗೆ ಏಳು ಗಂಟೆಗೆ ಮಾದರಿ ತೆಗೆಯುವುದೆಂದು ನಿಶ್ಚಯಿಸಿದ್ದೆ. ಉಬ್ಬರ ಇಳಿತ ನನ್ನ ಗಡಿಯಾರವನ್ನು ನೋಡಿ ಬರುವುದಿಲ್ಲ. ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಅವು ತಡವಾಗುತ್ತ ಹೋಗುತ್ತವೆ. ಹಾಗಾಗಿ ಒಂದು ಹದಿನೈದು ದಿನದ ಏಳು ಗಂಟೆಗೆ ಅಳಿವೆಯಲ್ಲಿ ಕಡಲ ನೀರು ಒಳನುಗ್ಗುತ್ತಿದ್ದರೆ, ಬೇರೊಂದು ತಿಂಗಳ ಏಳು ಗಂಟೆಗೆ ಹೊಳೆಯ ನೀರು ಹೊರಹೋಗುತ್ತಿರುತ್ತದೆ. ಪ್ಲಾಂಕ್ಟನ್ ನೆಲಕ್ಕೆ ಸೇರಿದ್ದಲ್ಲ, ನೀರಿಗೆ ಸೇರಿದ್ದು. ನೆಲೆ ಅದೇ ಆಗಿದ್ದರೂ ನಾನು ಎಣಿಸುತ್ತಿದ್ದದ್ದು ಒಮ್ಮೆ ಕಡಲಿನ ಜೀವಿಗಳನ್ನು, ಇನ್ನೊಮ್ಮೆ ಹೊಳೆಯ ಜೀವಿಗಳನ್ನು. ಅಣ್ಣ ಇದನ್ನು ಎರಡನೆಯ ತಿಂಗಳಿನಲ್ಲೇ ಹೇಳಿದ್ದರು: "ಮೇಡಂ, ಇದು ಹೋಗುವ ನೀರು. ಹೋದ ಸಲ ನೀವು ಹಿಡಿದದ್ದು ಬರುವ ನೀರು. ಎರಡೂ ಒಂದೇ ಹೇಗೆ ಆಗುತ್ತದೆ?" ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ವರ್ಷದ ಕೊನೆಗೆ ಲೆಕ್ಕಗಳನ್ನು ಹರಡಿಕೊಂಡು ಕುಳಿತಾಗ, ನೆಲೆಗಳ ನಡುವಣ ವ್ಯತ್ಯಾಸ ಎಂದು ನಾನು ಅಂದುಕೊಂಡಿದ್ದರಲ್ಲಿ ಬಹುಪಾಲು ಉಬ್ಬರ ಇಳಿತದ ವ್ಯತ್ಯಾಸವೇ ಎಂದು ಕಂಡಿತು.

ಎರಡನೆಯದು ಬಲೆಯದು. ಸಸ್ಯಪ್ಲವಕಗಳಿಗೆಂದು 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಅರುವತ್ತು ಪಾಲು) ಕಣ್ಣಿನ ಬಲೆಯನ್ನು ಎಳೆಯುತ್ತಿದ್ದೆ. ದೊಡ್ಡ ಡಯಾಟಮ್‌ಗಳು, ಸರಪಣಿ ಕಟ್ಟುವ ಡಯಾಟಮ್‌ಗಳು, ಚಾವಟಿಯಂಥ ಎಳೆಗಳಿಂದ ಚಲಿಸುವ ಡೈನೊಫ್ಲಾಜೆಲೇಟ್‌ಗಳಲ್ಲಿ ಕೊಂಬುಗಳಿರುವವು ಅದರಲ್ಲಿ ಚೆನ್ನಾಗಿ ಸಿಗುತ್ತವೆ; ಇಪ್ಪತ್ತು ಮೈಕ್ರಾನ್‌ಗಿಂತ ಚಿಕ್ಕವು ಕಣ್ಣಿನೊಳಗಿಂದ ಜಾರಿಹೋಗುತ್ತವೆ. ಕೊಳೆ ನೀರು ಬೀಳುವ ಕಡೆ ಹೆಚ್ಚುವುದು ಬಹುಮಟ್ಟಿಗೆ ಈ ಚಿಕ್ಕವೇ. ಅಂದರೆ ನಾನು ಹುಡುಕುತ್ತಿದ್ದುದನ್ನೇ ಸೋಸಿ ಹೊರಗೆ ಚೆಲ್ಲುತ್ತಿದ್ದೆ.

ಮೂರನೆಯದು ಫಾರ್ಮಲಿನ್. ಮಾದರಿ ಕೆಡದಿರಲೆಂದು ನಾಲ್ಕು ಪ್ರತಿಶತ ಫಾರ್ಮಲಿನ್ ಹಾಕುವುದು ಪ್ರಾಣಿಪ್ಲವಕಗಳಿಗೆ ಸರಿಯಾದ ಕ್ರಮ. ಚಿಪ್ಪಿಲ್ಲದ, ಮೃದು ಮೈಯ ಫ್ಲಾಜೆಲೇಟ್‌ಗಳು, ಅಂದರೆ ಚಾವಟಿ ಎಳೆಗಳ ಚಿಕ್ಕ ಜೀವಕೋಶಗಳು, ಮಾತ್ರ ಅದರಲ್ಲಿ ಒಡೆದು ಗುರುತಿಲ್ಲದ ಚೂರುಗಳಾಗುತ್ತವೆ. ತೋಡಿನ ಬಳಿಯ ನೆಲೆಯಲ್ಲಿ ನೀರು ಬರಿಗಣ್ಣಿಗೇ ಹಸಿರಾಗಿ ಕಾಣುತ್ತಿದ್ದ ದಿನವೂ ಎಣಿಕೆಯ ಹಾಳೆಯಲ್ಲಿ ಸಂಖ್ಯೆ ಕಡಿಮೆ ಬರುತ್ತಿತ್ತು, ಅದೇ ನೀರಿನ ಕ್ಲೋರೊಫಿಲ್ ಅಳತೆ ಮಾತ್ರ ಏರಿರುತ್ತಿತ್ತು. ಕ್ಲೋರೊಫಿಲ್ ಹೆಚ್ಚು, ಜೀವಕೋಶಗಳು ಕಡಿಮೆ ಎಂಬ ಈ ಹೊಂದದ ಲೆಕ್ಕವನ್ನು ನಾನು ಎಷ್ಟೋ ತಿಂಗಳು ಉಪಕರಣದ ದೋಷವೆಂದು ಬದಿಗಿಟ್ಟಿದ್ದೆ. ದೋಷ ಸೀಸೆಯೊಳಗೇ ಇತ್ತು.

ಎರಡನೆಯ ವರ್ಷ ಎಲ್ಲವನ್ನೂ ಬದಲಾಯಿಸಿದೆ. ಬಲೆಯನ್ನು ಜಾತಿಗಳ ಪಟ್ಟಿಗೆ ಮಾತ್ರ ಇಟ್ಟುಕೊಂಡು, ಎಣಿಕೆಗೆ ಒಂದು ಲೀಟರ್ ನೀರನ್ನು ಸೋಸದೆ ಹಾಗೆಯೇ ತೆಗೆದು ಲೂಗಾಲ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವಷ್ಟು ಹಾಕುತ್ತಿದ್ದೆ. ಅಯೋಡಿನ್ ಹಿಡಿದ ಜೀವಕೋಶಗಳು ಭಾರವಾಗಿ ಕೆಳಗಿಳಿಯುತ್ತವೆ. ಎರಡು ದಿನ ಕತ್ತಲಲ್ಲಿ ಅಲುಗಾಡದಂತೆ ಇಟ್ಟು, ಮೇಲಿನ ತಿಳಿನೀರನ್ನು ತುದಿಗೆ ಬಲೆಯ ತುಂಡು ಕಟ್ಟಿದ ಸಣ್ಣ ಕೊಳವೆಯಿಂದ ನಿಧಾನವಾಗಿ ಎಳೆದು, ಉಳಿದದ್ದರಿಂದ ಒಂದು ಮಿಲಿಲೀಟರನ್ನು ಸೆಡ್ಜ್‌ವಿಕ್ ರಾಫ್ಟರ್ ತಟ್ಟೆಯಲ್ಲಿ ಎಣಿಸುತ್ತಿದ್ದೆ. 50 ಮಿಲಿಮೀಟರ್ ಉದ್ದ, 20 ಅಗಲ, 1 ಆಳದ ಆ ಗಾಜಿನ ತಟ್ಟೆಯಲ್ಲಿ ಸಾವಿರ ಚೌಕಗಳಿರುತ್ತವೆ. ಒಂದು ತಟ್ಟೆಗೆ ಸರಾಸರಿ ಎರಡು ಗಂಟೆ ಬೇಕು. ಕೆಸರಿನ ದಿನಗಳಲ್ಲಿ ನಾಲ್ಕೂ ಆದದ್ದುಂಟು. ಪ್ರಾಣಿಪ್ಲವಕಗಳಿಗೆ ಬಾಯಲ್ಲಿ ಹರಿವಿನ ಮಾಪಕ ಕಟ್ಟಿದ 200 ಮೈಕ್ರಾನ್ ಬಲೆಯನ್ನೂ ಫಾರ್ಮಲಿನ್ನನ್ನೂ ಹಾಗೆಯೇ ಮುಂದುವರಿಸಿದೆ. ಮಾದರಿ ತೆಗೆಯುವ ಹೊತ್ತನ್ನು ಉಬ್ಬರ ಇಳಿತದ ಕೋಷ್ಟಕ ನೋಡಿ ನಿಶ್ಚಯಿಸಿ, ಪ್ರತಿ ಸಲವೂ ಇಳಿತ ಮುಗಿಯುವ ಹೊತ್ತಿಗೆ ಒಂದು, ಉಬ್ಬರ ತುಂಬಿದಾಗ ಒಂದು ಹೀಗೆ ಎರಡು ಬಾರಿ ತೆಗೆಯುತ್ತಿದ್ದೆ. ಕೆಲವು ದಿನ ಅದು ರಾತ್ರಿ ಎರಡು ಗಂಟೆಗೆ ಬೀಳುತ್ತಿತ್ತು. ಅಣ್ಣ ಒಮ್ಮೆಯೂ ಆಗುವುದಿಲ್ಲ ಎನ್ನಲಿಲ್ಲ.

ಹೊಳೆ ತಂದದ್ದು ಯಾವುದು, ಊರು ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲು ನನಗೆ ಅತ್ಯಂತ ಹೆಚ್ಚು ನೆರವಾದದ್ದು ಬಹಳ ಹಳೆಯ ಮತ್ತು ಸರಳವಾದ ಒಂದು ವಿಧಾನ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಳೆಯ ನೀರಿನಲ್ಲಿ ಉಪ್ಪಿಲ್ಲ, ಕಡಲಿನ ನೀರಿನ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ. ಅಳಿವೆಯಲ್ಲಿ ಈ ಎರಡು ನೀರುಗಳು ಬೆರೆಯುತ್ತವೆ, ಲವಣಾಂಶವೇ ಆ ಬೆರಕೆಯ ಪ್ರಮಾಣವನ್ನು ಹೇಳುತ್ತದೆ. ಒಂದೇ ಇಳಿತದಲ್ಲಿ ಮೇಲಿನ ಹೊಳೆಯಿಂದ ಕಡಲಿನವರೆಗೆ ಹತ್ತು ಹನ್ನೆರಡು ಕಡೆ ನೀರು ತೆಗೆದು, ಲವಣಾಂಶವನ್ನು ಅಡ್ಡಕ್ಕೂ ಸಿಲಿಕೇಟ್, ನೈಟ್ರೇಟ್, ಅಮೋನಿಯ ಅಥವಾ ಫಾಸ್ಫೇಟನ್ನು ಉದ್ದಕ್ಕೂ ಗುರುತಿಸಿ ನಕ್ಷೆ ಬರೆದರೆ, ಬರೇ ಬೆರಕೆಯಷ್ಟೇ ಆಗಿದ್ದಲ್ಲಿ ಬಿಂದುಗಳು ಹೊಳೆಯಿಂದ ಕಡಲಿಗೆ ಒಂದು ನೇರ ಗೆರೆಯಲ್ಲಿ ಬರುತ್ತವೆ. ನಡುವೆ ಬಿಂದುಗಳು ಗೆರೆಯಿಂದ ಮೇಲೆದ್ದರೆ ಆ ವಸ್ತು ದಾರಿಯಲ್ಲಿ ಎಲ್ಲಿಂದಲೋ ಸೇರಿದೆ ಎಂದು ಅರ್ಥ. ಗೆರೆಯಿಂದ ಕೆಳಗಿಳಿದರೆ ಅದನ್ನು ಯಾವುದೋ ಬಳಸಿಕೊಂಡಿದೆ, ಹೆಚ್ಚಾಗಿ ಸಸ್ಯಪ್ಲವಕವೇ. ಫಾಸ್ಫೇಟಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಅದು ಕೆಸರಿನ ಕಣಗಳಿಗೆ ಅಂಟಿಕೊಳ್ಳುತ್ತದೆ, ಉಪ್ಪುನೀರು ತಾಗಿದಾಗ ಬಿಟ್ಟುಕೊಡುವುದೂ ಉಂಟು. ಸಿಲಿಕೇಟ್ ಮತ್ತು ಅಮೋನಿಯ ಎರಡನ್ನೂ ಜೊತೆಯಲ್ಲಿ ನೋಡಿದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ: ಘಟ್ಟದ ಬಂಡೆಗಳೂ ಮಣ್ಣೂ ಸವೆದು ಬರುವುದರಿಂದ ಸಿಲಿಕೇಟ್ ಹೊಳೆಯ ಗುರುತು, ಮಲಮೂತ್ರ ಮತ್ತು ಮೀನು ತೊಳೆದ ನೀರಿನಿಂದ ಬರುವುದರಿಂದ ಅಮೋನಿಯ ಊರಿನ ಗುರುತು.

ಈ ಗೆರೆಗಳನ್ನು ಜುಲೈ ತಿಂಗಳಿಗೆ ಬರೆದಾಗ ನನಗೆ ಮೊದಲ ಆಶ್ಚರ್ಯ ಕಾದಿತ್ತು. ಸಿಲಿಕೇಟ್ ಗೆರೆ ರೂಲರ್ ಇಟ್ಟು ಎಳೆದಂತೆ ನೇರವಾಗಿತ್ತು, ಅಮೋನಿಯದ ಗೆರೆಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಊರಿನ ತೋಡುಗಳು ತುಂಬಿ ಹರಿಯುವ ಕಾಲದಲ್ಲಿ ಊರಿನ ಗುರುತೇ ಸಿಗಲಿಲ್ಲ. ಕೊಳೆ ಇರಲಿಲ್ಲವೆಂದಲ್ಲ, ಅದು ಇದ್ದೇ ಇತ್ತು, ನೇತ್ರಾವತಿಯ ಮಳೆಗಾಲದ ನೀರಿನ ಅಗಾಧ ಪ್ರಮಾಣದಲ್ಲಿ ಕರಗಿಹೋಗಿತ್ತು, ಅಳಿವೆಯಲ್ಲಿ ನಿಲ್ಲದೆ ಹೊರಗೆ ಹೋಗುತ್ತಿತ್ತು. ಆಗ ಒಳಗಿನ ನೆಲೆಗಳಲ್ಲಿ ಪ್ಲಾಂಕ್ಟನ್ ಕಡಿಮೆ ಇದ್ದದ್ದು ನಿಜ. ಅದಕ್ಕೆ ಕಾರಣ ವಿಷವಲ್ಲ. ನೀರಿನ ತಿಳಿತನ ಅಳೆಯುವ ಸೆಚ್ಚಿ ತಟ್ಟೆಯನ್ನು ಇಳಿಸಿದರೆ ಒಂದು ಮೊಳ ಹೋಗುವುದರೊಳಗೆ ಅದು ಕೆಮ್ಮಣ್ಣಿನ ನೀರಿನಲ್ಲಿ ಮರೆಯಾಗುತ್ತಿತ್ತು, ಅಂದರೆ ಬಿಸಿಲು ಒಳಗೆ ಇಳಿಯುತ್ತಿರಲಿಲ್ಲ. ಡಯಾಟಮ್ ಒಂದು ಎರಡಾಗಲು ಸುಮಾರು ಒಂದು ದಿನ ಬೇಕು; ಅಷ್ಟರೊಳಗೆ ಅದು ಇದ್ದ ನೀರು ಕಡಲಿಗೆ ಹೋಗಿಬಿಟ್ಟಿರುತ್ತಿತ್ತು. ಹೊಳೆ ತಂದ ಪೋಷಕಾಂಶಗಳು ಫಲ ಕೊಡುತ್ತಿದ್ದದ್ದು ಹೊರಗೆ, ಕೆಸರು ತಳಕ್ಕೆ ಇಳಿದು ನೀರು ಹಸಿರಾಗುವ ಅಂಚಿನಲ್ಲಿ. ಮಳೆಗಾಲದಲ್ಲಿ ಕರಾವಳಿಯ ಸೆಳೆತ ದಕ್ಷಿಣಕ್ಕೆ ಇರುವುದರಿಂದ ಆ ಕೆಂಪು ನೀರಿನ ಪಟ್ಟಿ ಉಳ್ಳಾಲ, ಸೋಮೇಶ್ವರದ ಕಡೆಗೆ ಬಾಗುತ್ತದೆ. ಸೋಮೇಶ್ವರದ ಬಂಡೆಗಳ ಮೇಲೆ ನಿಂತರೆ ಕೆಂಪು ನೀರಿಗೂ ಹಸಿರು ನೀರಿಗೂ ನಡುವೆ ನೊರೆಯ ಗೆರೆಯೊಂದು ಕಾಣುತ್ತದೆ.

ಮೊದಲ ದೊಡ್ಡ ಮಳೆಯ ಮಾತು ಮಾತ್ರ ಬೇರೆ. ಎಂಟು ತಿಂಗಳು ತೋಡುಗಳಲ್ಲಿ, ರಸ್ತೆ ಬದಿಯಲ್ಲಿ, ಅಂಗಳಗಳಲ್ಲಿ ಕೂಡಿದ್ದೆಲ್ಲ ಎರಡು ಮೂರು ದಿನಗಳಲ್ಲಿ ಒಟ್ಟಿಗೆ ಇಳಿದುಬರುತ್ತದೆ, ಹೊಳೆ ಇನ್ನೂ ತುಂಬಿರುವುದಿಲ್ಲ. ಎರಡನೆಯ ವರ್ಷದ ಜೂನ್ ಮೊದಲ ವಾರದಲ್ಲಿ ಅಂಥ ಒಂದು ಮಳೆಯ ಮಾರನೆಯ ದಿನ ಬೋಳಾರದ ನೆಲೆಯಿಂದ ತಂದ ಒಂದು ತೊಟ್ಟು ನೀರು ಈಗಲೂ ನನ್ನ ಕಣ್ಣ ಮುಂದಿದೆ. ಕಂದು ಕಸದ ನಡುವೆ ಸಿಹಿನೀರಿನ ಬ್ರಾಕಿಯೋನಸ್ ಎಂಬ ರೋಟಿಫರ್‌ಗಳು ತಲೆಯ ಮೇಲಿನ ಚಕ್ರದಂಥ ರೋಮಗಳನ್ನು ತಿರುಗಿಸುತ್ತ ಓಡಾಡುತ್ತಿದ್ದವು. ಅವುಗಳ ಪಕ್ಕದಲ್ಲಿ ಉಪ್ಪುನೀರಿನ ಅಕಾರ್ಶಿಯ ಎಂಬ ಕೋಪಿಪಾಡ್‌ಗಳು, ಉದ್ದನೆಯ ಮೀಸೆಗಳು ಮೈಗೆ ಅಂಟಿಕೊಂಡು, ಮೈಯೊಳಗಿನದು ಹಾಲಿನಂತೆ ಬಿಳಿಚಿ, ಅಲುಗಾಡದೆ ಬಿದ್ದಿದ್ದವು. ಸತ್ತಿವೆಯೋ ಸುಮ್ಮನಿವೆಯೋ ಎಂದು ಕಣ್ಣಿನಿಂದ ತೀರ್ಮಾನಿಸುವುದು ಸರಿಯಲ್ಲವೆಂದು, ಅಂದಿನಿಂದ ಮುಂದೆ ಫಾರ್ಮಲಿನ್ ಹಾಕುವ ಮೊದಲೇ ಮಾದರಿಗೆ ನ್ಯೂಟ್ರಲ್ ರೆಡ್ ಬಣ್ಣವನ್ನು ಹಾಕಿ ಕಾಲು ಗಂಟೆ ಬಿಡುವ ಅಭ್ಯಾಸ ಮಾಡಿಕೊಂಡೆ. ಬದುಕಿರುವ ಕೋಪಿಪಾಡ್ ಆ ಬಣ್ಣವನ್ನು ಹೀರಿ ದಾಳಿಂಬೆ ಬೀಜದಂತೆ ಕೆಂಪಾಗುತ್ತದೆ, ಸತ್ತದ್ದು ಬಿಳಿಯಾಗಿಯೇ ಉಳಿಯುತ್ತದೆ.

ಈ ಚಿಕ್ಕ ಬದಲಾವಣೆ ನನಗೆ ಬಹಳ ದೊಡ್ಡ ಉತ್ತರವನ್ನು ಕೊಟ್ಟಿತು. ಮಳೆಗಾಲದ ಆರಂಭದಲ್ಲಿ ಸತ್ತ ಅಕಾರ್ಶಿಯಗಳು ಬೇಕಾದಷ್ಟು ಸಿಕ್ಕಿದವು, ಆದರೆ ಅವು ಸಿಕ್ಕಿದ್ದೆಲ್ಲ ಲವಣಾಂಶ ಹಠಾತ್ತನೆ ಕುಸಿದ ನೀರಿನಲ್ಲಿ. ಕೊಳೆ ಇರಲಿ ಇಲ್ಲದಿರಲಿ, ಉಪ್ಪುನೀರಿನ ಜೀವಿಗೆ ಸಿಹಿನೀರು ಒಮ್ಮೆಲೇ ತಾಗಿದರೆ ಆಗುವುದೇ ಅದು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ತೋಡಿನ ಬಳಿಯ ನೆಲೆಯಲ್ಲಿಯೂ ಬಣ್ಣ ಹಿಡಿಯದ ಕೋಪಿಪಾಡ್‌ಗಳು ಮತ್ತೆ ಮತ್ತೆ ಸಿಕ್ಕಿದವು. ಅಲ್ಲಿ ಆಗ ಲವಣಾಂಶ ಕಡಲಿನದಕ್ಕೆ ಹತ್ತಿರವೇ ಇತ್ತು. ಸಿಹಿನೀರನ್ನು ದೂಷಿಸಲು ಅಲ್ಲಿ ಆಸ್ಪದವೇ ಇರಲಿಲ್ಲ. ವಿಂಕ್ಲರ್ ವಿಧಾನದಲ್ಲಿ ಅಳೆದರೆ ಬೆಳಗಿನ ಜಾವ ಆ ನೆಲೆಯ ತಳದ ನೀರಿನಲ್ಲಿ ಕರಗಿದ ಆಮ್ಲಜನಕ ಬಹಳ ಕೆಳಗಿಳಿದಿರುತ್ತಿತ್ತು.

ಅಲ್ಲಿಂದ ನಾನು ಬೇಸಿಗೆಯ ಕಡೆಗೆ ತಿರುಗಿದೆ. ಫೆಬ್ರವರಿಯ ಬಳಿಕ ಕಿಂಡಿ ಅಣೆಕಟ್ಟಿನ ಬಾಗಿಲುಗಳು ಮುಚ್ಚಿರುತ್ತವೆ, ಹೊಳೆಯಲ್ಲಿ ಇಳಿದುಬರುವ ನೀರು ಅತ್ಯಲ್ಪ, ಕಡಲಿನ ಉಪ್ಪುನೀರು ಒಳಗೆ ಬಹುದೂರ ಏರುತ್ತದೆ. ಊರಿನ ತೋಡುಗಳು ಮಾತ್ರ ಬೇಸಿಗೆಯೆಂದು ನಿಲ್ಲುವುದಿಲ್ಲ; ಹನ್ನೆರಡು ತಿಂಗಳೂ ಒಂದೇ ಸಮನೆ ಇಳಿಯುತ್ತವೆ. ಗುರುಪುರದ ಆ ಉದ್ದನೆಯ ಓಣಿಯಲ್ಲಿ ನೀರು ಉಬ್ಬರಕ್ಕೆ ಒಳಗೆ, ಇಳಿತಕ್ಕೆ ಹೊರಗೆ ತೂಗುತ್ತ ಎಷ್ಟೋ ದಿನ ಅಲ್ಲಲ್ಲೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಬರೆದ ನಕ್ಷೆಯಲ್ಲಿ ಅಮೋನಿಯದ ಬಿಂದುಗಳು ದಕ್ಕೆಯ ಆಸುಪಾಸಿನಲ್ಲಿ ಗೆರೆಯಿಂದ ಮೇಲೆದ್ದು ಬೆನ್ನುಬ್ಬಿದಂತೆ ನಿಂತಿದ್ದವು, ಸಿಲಿಕೇಟಿನ ಬಿಂದುಗಳು ಅದೇ ಜಾಗದಲ್ಲಿ ಕೆಳಕ್ಕೆ ಬಾಗಿದ್ದವು. ಡಯಾಟಮ್‌ಗೆ ಚಿಪ್ಪು ಕಟ್ಟಲು ಸಿಲಿಕಾ ಬೇಕೇ ಬೇಕು. ಅದು ಸಾರಜನಕವನ್ನೂ ಸಿಲಿಕಾನನ್ನೂ ಹೆಚ್ಚುಕಡಿಮೆ ಸಮಸಮವಾಗಿ, ಒಂದು ಪಾಲು ರಂಜಕಕ್ಕೆ ಹದಿನಾರು ಹದಿನಾರರಂತೆ ಬಳಸುತ್ತದೆ. ಹೊಳೆ ಹರಿಯುತ್ತಿರುವವರೆಗೆ ಸಿಲಿಕಾಕ್ಕೆ ಕೊರತೆ ಇಲ್ಲ. ಹೊಳೆ ನಿಂತು ತೋಡು ಮಾತ್ರ ಹರಿಯುವಾಗ ಸಾರಜನಕ, ರಂಜಕಗಳು ಬರುತ್ತಲೇ ಇರುತ್ತವೆ, ಸಿಲಿಕಾ ಮುಗಿಯುತ್ತದೆ. ಆಗ ಡಯಾಟಮ್‌ಗಳು ನಿಲ್ಲುತ್ತವೆ, ಸಿಲಿಕಾ ಬೇಡದ ಚಿಕ್ಕ ಫ್ಲಾಜೆಲೇಟ್‌ಗಳು ಮತ್ತು ಡೈನೊಫ್ಲಾಜೆಲೇಟ್‌ಗಳು ಆ ಜಾಗವನ್ನು ತುಂಬುತ್ತವೆ.

ಮೊದಲ ವರ್ಷ ನನಗೆ ಕಾಣದೇ ಹೋದವು ಇವೇ. ಲೂಗಾಲ್ ಹಾಕಿದ ಏಪ್ರಿಲ್ ಮಾದರಿಯನ್ನು ತಟ್ಟೆಗೆ ಇಳಿಸಿದಾಗ ಸಾವಿರ ಚೌಕಗಳಲ್ಲಿ ಎಲ್ಲಿ ನೋಡಿದರೂ ಜೇನು ಬಣ್ಣದ ಸಣ್ಣ ಸಣ್ಣ ಉರುಟು ಚುಕ್ಕೆಗಳು. ಅವುಗಳ ನಡುವೆ ಸ್ಕೆಲಿಟೊನೀಮ ಎಂಬ ಡಯಾಟಮ್‌ನ ಸರಪಣಿಗಳು ಅಲ್ಲೊಂದು ಇಲ್ಲೊಂದು. ಒಟ್ಟು ಸಂಖ್ಯೆಯನ್ನಷ್ಟೇ ಬರೆದಿದ್ದರೆ ಆ ನೆಲೆ ಐದರಲ್ಲಿ ಅತ್ಯಂತ ಸಮೃದ್ಧ ನೆಲೆ ಎನಿಸಿಕೊಳ್ಳುತ್ತಿತ್ತು. ಅದೇ ಹೊತ್ತಿನ ಕಡಲ ನೆಲೆಯಲ್ಲಿ ಸಂಖ್ಯೆ ಎಷ್ಟೋ ಕಡಿಮೆ, ಜಾತಿಗಳು ಮಾತ್ರ ಮೂರುಪಟ್ಟಿಗೂ ಹೆಚ್ಚು: ಕಾಸಿನೊಡಿಸ್ಕಸ್‌ನ ಜರಡಿಯಂಥ ಬಿಲ್ಲೆಗಳು, ಕೀಟೊಸೆರಸ್‌ನ ಮುಳ್ಳುಸರಪಣಿಗಳು, ರೈಜೊಸೊಲೀನಿಯದ ಸೂಜಿಗಳು. ಪ್ರಾಣಿಪ್ಲವಕಗಳಲ್ಲಿಯೂ ಇದೇ ಕಥೆ. ಹೊರಗೆ ಹತ್ತಾರು ಬಗೆಯ ಕೋಪಿಪಾಡ್‌ಗಳು, ಬಾಣದ ಹುಳುಗಳು, ಸಿಗಡಿ ಮರಿಗಳು, ಮೀನಿನ ಮೊಟ್ಟೆಗಳು. ತೋಡಿನ ಬಳಿ ಓಯ್ಥೋನ ಎಂಬ ಚಿಕ್ಕ ಕೋಪಿಪಾಡ್ ಮತ್ತು ಕೊಳೆತಳದಲ್ಲಿ ಬದುಕುವ ಹುಳುಗಳ ಮರಿಗಳು, ಅವಿಷ್ಟೇ. ಮಾಲಿನ್ಯ ಪ್ಲಾಂಕ್ಟನ್‌ಗಳನ್ನು ಕೊಲ್ಲುತ್ತದೆ ಎನ್ನುವುದಕ್ಕಿಂತ, ಕೆಲವಕ್ಕೆ ಮಾತ್ರ ಅತಿಯಾಗಿ ಉಣಿಸಿ ಉಳಿದವನ್ನು ಹೊರಗೆ ಹಾಕುತ್ತದೆ ಎನ್ನುವುದು ನಾನು ಕಂಡದ್ದಕ್ಕೆ ಹೆಚ್ಚು ಹತ್ತಿರದ ಮಾತು.

ಈ ಬದಲಾವಣೆಯನ್ನು ನಾನು ಏಕೆ ಗಂಭೀರವಾಗಿ ತೆಗೆದುಕೊಳ್ಳುತ್ತೇನೆಂದರೆ, ಡೈನೊಫ್ಲಾಜೆಲೇಟ್‌ಗಳಲ್ಲಿ ಕೆಲವು ಜಾತಿಗಳು ನಂಜು ತಯಾರಿಸುತ್ತವೆ, ನೀರನ್ನು ಸೋಸಿ ತಿನ್ನುವ ಮರುವಾಯಿಯಂಥ ಚಿಪ್ಪುಜೀವಿಗಳ ಮೈಯಲ್ಲಿ ಆ ನಂಜು ಶೇಖರವಾಗುತ್ತದೆ. ಮಂಗಳೂರಿಗೆ ಹತ್ತಿರದ ಕುಂಬಳೆಯ ಅಳಿವೆಯಲ್ಲಿ 1983ರಲ್ಲಿ ಹಾಗೆ ನಂಜೇರಿದ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ, ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಬೇಯಿಸಿದರೂ ಆ ನಂಜು ಹೋಗುವುದಿಲ್ಲ. ಆ ಘಟನೆಗೆ ಊರಿನ ಕೊಳೆಯೇ ಕಾರಣವೆಂದು ನಾನು ಹೇಳುವುದಿಲ್ಲ, ಅಂಥ ಜಾತಿಗಳು ಸ್ವಚ್ಛ ನೀರಿನಲ್ಲಿಯೂ ಹೆಚ್ಚುವುದುಂಟು. ಆದರೆ ಮರುವಾಯಿ ಹೆಕ್ಕಿ ಬದುಕುವ ಕುಟುಂಬಗಳು ಇಂದಿಗೂ ಈ ಅಳಿವೆಗಳಲ್ಲಿ ಇರುವಾಗ, ನೀರಿನಲ್ಲಿ ಡಯಾಟಮ್ ಕುಗ್ಗಿ ಡೈನೊಫ್ಲಾಜೆಲೇಟ್ ಹೆಚ್ಚುತ್ತಿದೆಯೇ ಎಂದು ತಿಂಗಳಿಗೊಮ್ಮೆಯಾದರೂ ನೋಡುವವರು ಇರಲೇಬೇಕು.

ಎಲ್ಲವನ್ನೂ ಹೊಳೆಯ ಮತ್ತು ಊರಿನ ಲೆಕ್ಕಕ್ಕೆ ಬರೆಯುವ ಆತುರವೂ ಬೇಡ. ಅದನ್ನು ನನಗೆ ಕಲಿಸಿದ್ದು ಸೆಪ್ಟೆಂಬರ್. ಮಳೆ ಇಳಿಮುಖವಾದ ಆ ತಿಂಗಳಿನಲ್ಲಿ ಕಡಲ ನೆಲೆಯಲ್ಲಿ ಡಯಾಟಮ್‌ಗಳು ವರ್ಷದಲ್ಲೇ ಅತಿ ಹೆಚ್ಚಾಗಿದ್ದವು, ಜೊತೆಗೆ ಪೆನಿಲಿಯ ಮತ್ತು ಇವ್ಯಾಡ್ನೆ ಎಂಬ ನೀರ್ಚಿಗಟಗಳು ಬಲೆಯ ಬಕೆಟ್ಟಿನಲ್ಲಿ ಗಂಜಿಯಂತೆ ತುಂಬಿಕೊಂಡವು. ತಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇತ್ತು. ಹೊಳೆ ತಂದ ಕೊಳೆ ಕಡಲಿನಲ್ಲಿ ಕೊಳೆಯುತ್ತಿದೆ ಎಂದು ಬರೆದೂಬಿಟ್ಟಿದ್ದೆ. ನನ್ನ ಮಾರ್ಗದರ್ಶಕರು ಆ ಪುಟದ ಬದಿಯಲ್ಲಿ ತಾಪಮಾನ ಎಷ್ಟಿತ್ತು ಎಂದಷ್ಟೇ ಬರೆದರು. ತಿರುಗಿ ನೋಡಿದರೆ ತಳದ ನೀರು ಮೇಲಿನದಕ್ಕಿಂತ ಸ್ಪಷ್ಟವಾಗಿ ತಣ್ಣಗಿತ್ತು, ಲವಣಾಂಶ ಪೂರ್ತಿ ಕಡಲಿನದು. ಅದು ಹೊಳೆಯ ನೀರಾಗಿರಲು ಸಾಧ್ಯವೇ ಇರಲಿಲ್ಲ. ಮುಂಗಾರಿನ ಗಾಳಿಯಿಂದ ಅರಬ್ಬೀ ಸಮುದ್ರದ ಆಳದ ತಂಪು ನೀರು ನಮ್ಮ ದಂಡೆಯ ಕಡೆಗೆ ಏರಿಬರುತ್ತದೆ; ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಮೊದಲೇ ಕಡಿಮೆ. ಆ ನೀರು ಕರಾವಳಿಯಲ್ಲಿ ಆಮ್ಲಜನಕವನ್ನು ಇನ್ನೂ ಕಳೆದುಕೊಂಡು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತೀರ ಕೆಳಮಟ್ಟಕ್ಕೆ ಹೋಗುವುದನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು 2000ದಲ್ಲಿ ಪ್ರಕಟಿಸಿದ್ದರು, ನೆಲದಿಂದ ಬರುವ ಸಾರಜನಕ ಅದನ್ನು ಹೆಚ್ಚಿಸುತ್ತಿರಬಹುದು ಎಂಬ ಮಾತೂ ಅದರಲ್ಲಿತ್ತು. ಕಡಲು ತನ್ನಷ್ಟಕ್ಕೆ ಮಾಡುವುದರ ಮೇಲೆ ನಾವು ಸೇರಿಸುತ್ತಿರುವುದು ಎಷ್ಟು ಎಂಬ ಪ್ರಶ್ನೆ ಆ ನೆಲೆಯ ಮಟ್ಟಿಗೆ ನನ್ನ ಎರಡು ವರ್ಷದ ಮಾದರಿಗಳಿಗೆ ಮೀರಿದ್ದು, ಪ್ರಬಂಧದಲ್ಲಿಯೂ ಹಾಗೆಯೇ ಬರೆದೆ. ಫೆಬ್ರವರಿ ಮಾರ್ಚ್‌ನಲ್ಲಿ ಕಡಲ ಮೇಲೆ ಮರದ ಹುಡಿ ಚೆಲ್ಲಿದಂತೆ ತೇಲುವ ಟ್ರೈಕೊಡೆಸ್ಮಿಯಮ್ ಎಂಬ ಸೂಕ್ಷ್ಮಜೀವಿ ಕೂಡ ಹೀಗೆಯೇ. ಅದನ್ನು ಕಂಡವರು ಹಡಗಿನ ಎಣ್ಣೆಯೋ ಕಾರ್ಖಾನೆಯ ನೀರೋ ಎಂದು ಗಾಬರಿಯಾಗಿ ಕೇಳುತ್ತಾರೆ. ಗಾಳಿಯ ಸಾರಜನಕವನ್ನೇ ಬಳಸಬಲ್ಲ ಆ ಜೀವಿಗೆ ಶಾಂತವಾದ, ಬೆಚ್ಚಗಿನ, ಪೋಷಕಾಂಶ ಕಡಿಮೆ ಇರುವ ನೀರೇ ಇಷ್ಟ.

ಎಣ್ಣೆ, ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣ, ಪ್ಲಾಸ್ಟಿಕ್ ಚೂರುಗಳು ಇವುಗಳ ಪರಿಣಾಮವನ್ನು ನಾನು ಅಳೆಯಲಿಲ್ಲ. ಪ್ರಾಣಿಪ್ಲವಕದ ಬಲೆಯಲ್ಲಿ ಬಲೆಯ ಎಳೆಗಳ ನೀಲಿ ಹಸಿರು ನಾರುಗಳು ಪ್ರತಿ ಸಲವೂ ಸಿಗುತ್ತಿದ್ದವು, ಅವುಗಳನ್ನು ಬೇರೆ ಸೀಸೆಯಲ್ಲಿ ತೆಗೆದಿಟ್ಟಿದ್ದೇನೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಳಿದ ಒಂದೆರಡು ಮಾತು. ಸೀಸೆಯ ಹೊರಗೆ ಅಂಟಿಸಿದ ಚೀಟಿಯನ್ನು ನಂಬಬೇಡಿ. ಪೆನ್ಸಿಲ್‌ನಲ್ಲಿ ಬರೆದ ಟ್ರೇಸಿಂಗ್ ಕಾಗದದ ತುಂಡನ್ನು ಸೀಸೆಯ ಒಳಗೇ ಹಾಕಿ. ಹೊರಗಿನ ಶಾಯಿ ಕರಗಿ ನನ್ನ ಮೊದಲ ಮಳೆಗಾಲದ ಆರು ಸೀಸೆಗಳು ಯಾವ ನೆಲೆಯವೆಂದು ತಿಳಿಯದೆ ವ್ಯರ್ಥವಾದವು. ಲೂಗಾಲ್ ಬಣ್ಣ ಬೆಳಕಿಗೆ ಮಾಸುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ನಾಲ್ಕು ಹನಿ ಹಾಕಬೇಕು. ಮಾದರಿ ತೆಗೆದ ಹೊತ್ತಿನ ಜೊತೆಗೆ ಉಬ್ಬರದ ಸ್ಥಿತಿಯನ್ನೂ ಹಿಂದಿನ ಮೂರು ದಿನಗಳ ಮಳೆಯನ್ನೂ ತಪ್ಪದೆ ಬರೆಯಿರಿ. ಹಣವೋ ದೋಣಿಯೋ ಸಾಲದೆ ವರ್ಷದಲ್ಲಿ ಎರಡೇ ಸಲ ಹೋಗಲು ಸಾಧ್ಯ ಎನ್ನುವವರು ಜುಲೈಯನ್ನು ಬಿಟ್ಟು ಏಪ್ರಿಲ್ ಕೊನೆಯ ವಾರದಲ್ಲೂ ಮೊದಲ ದೊಡ್ಡ ಮಳೆಯ ಮಾರನೆಯ ದಿನವೂ ಹೋಗಿ.

ಈಗ ನಾನು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ಐದಾರು ವಿದ್ಯಾರ್ಥಿಗಳನ್ನು ಕರೆದುಕೊಂಡು ತೋಡಿನ ಬಳಿಯ ಅದೇ ನೆಲೆಗೆ, ಇಳಿತ ಮುಗಿಯುವ ಹೊತ್ತಿಗೆ ಹೋಗುತ್ತೇನೆ. ದೋಣಿಯನ್ನು ಈಗ ಅಣ್ಣನ ಮಗ ನಡೆಸುತ್ತಾನೆ. ಒಂದು ಲೀಟರ್ ನೀರು, ಲೂಗಾಲ್, ಪೆನ್ಸಿಲ್ ಚೀಟಿ; ಸೀಸೆಗಳು ಪ್ರಯೋಗಾಲಯದ ಕಪಾಟಿನಲ್ಲಿ ವರ್ಷದ ಕ್ರಮದಲ್ಲಿ ಸಾಲಾಗಿವೆ. ಕಳೆದ ಸಲ ಎಣಿಸಲು ಕುಳಿತ ಹುಡುಗಿಯೊಬ್ಬಳು ನೂರು ಚೌಕ ಮುಗಿಸಿ ತಲೆ ಎತ್ತಿ, "ಮೇಡಂ, ಇದರಲ್ಲಿ ಎಲ್ಲ ಒಂದೇ ತರಹದ್ದೇ ಇದೆಯಲ್ಲ" ಎಂದಳು. ಅದನ್ನೇ ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಂಡು ಎಣಿಕೆ ಮುಂದುವರಿಸಲು ಹೇಳಿದೆ.